ಮೂವತ್ತಕ್ಕೆ ತಿರುಗಿದ್ದ ನಾಬ್

ಕೀ... ಎಂದು ಎಳೆದ ಒಂದು ಕಿರುಚು, ಆಮೇಲೆ ಟಕ್. ನಮ್ಮ ಕಾನ್ವೆಂಟ್‌ನಲ್ಲಿ ಸಿಸ್ಟರ್ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ಮುರಿದಾಗ ಹೀಗೇ ಕೇಳಿಸುತ್ತಿತ್ತು. ಇದು ಮಾತ್ರ ಲೋಹ ಕತ್ತರಿಸುವ ಕಟರ್ ಮುರಿದ ಸದ್ದು. ಆಗ ನಾನು ಬೆಂಗಳೂರಿನ ರಾಜಾಜಿನಗರದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ಪ್ಲಾನಿಂಗ್ ಎಂಜಿನಿಯರ್. ರಿಟೈರ್‌ಮೆಂಟ್‌ಗೆ ಎರಡು ವರ್ಷವಿತ್ತು. ಆ ವಾರ ಆ ಸದ್ದು ಎರಡನೆಯ ಸಲ ಕೇಳಿ, ಕಾಫಿ ಲೋಟ ಕೆಳಗಿಟ್ಟು ಎದ್ದೆ.

ಗಿರಾಕಿ ಸ್ಟೇನ್‌ಲೆಸ್ ಸ್ಟೀಲಿನ ಐದು ಗಟ್ಟಿಗಳನ್ನು ಕಳಿಸಿದ್ದರು. ಬೇಕಾದದ್ದು ಮೂರು ಪಾರ್ಟ್. ಕಟರ್ ಮುರಿದು ಎರಡು ಆಗಲೇ ಹಾಳಾಗಿದ್ದವು. ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಸಿಎನ್‌ಸಿ ಮಿಲ್ಲಿಂಗ್ ಮಷೀನ್ ನಡೆಸುತ್ತಿದ್ದವರು ಶಿವಲಿಂಗಯ್ಯ. ಮೂವತ್ತು ವರ್ಷ ಕೈಯಿಂದ ಹಿಡಿ ತಿರುಗಿಸುವ ಹಳೆಯ ಮಷೀನಿನಲ್ಲಿ ದುಡಿದು, ಐವತ್ತು ದಾಟಿದ ಮೇಲೆ ಹಟ ಹಿಡಿದು ಇದನ್ನು ಕಲಿತವರು.

ಅವರಿಗಿಂತ ಚಿಕ್ಕವರಾದ ಓನರ್ ಎಲ್ಲರ ಎದುರಿಗೇ ಹೇಳಿಬಿಟ್ಟರು: "ಶಿವಲಿಂಗಯ್ಯ, ಇನ್ನೊಂದು ಪೀಸ್ ಹೋಯ್ತೋ, ನಾಳೆಯಿಂದ ನೀವು ಬರೋದೇ ಬೇಡ ಕಣ್ರೀ."

ಮಷೀನಿನ ವೇಗ ಲೆಕ್ಕ ಹಾಕಿ ಶೀಟ್ ಬರೆದು ಕೊಟ್ಟವಳು ನಾನೇ; ಮತ್ತೆ ಲೆಕ್ಕಕ್ಕೆ ಕೂತೆ. ಕಟರ್ ಹತ್ತು ಮಿಲಿಮೀಟರ್ ದಪ್ಪ. ಅದರ ಅಂಚು ನಿಮಿಷಕ್ಕೆ ಅರವತ್ತು ಮೀಟರ್ ಓಡಬೇಕು. ಇದು ಕಟಿಂಗ್ ಸ್ಪೀಡ್. ಹಾಗಾದರೆ ನಿಮಿಷಕ್ಕೆ 1910 ಸುತ್ತು. ಕಟರ್‌ಗೆ ನಾಲ್ಕು ಹಲ್ಲು; ಒಂದೊಂದೂ ಕೂದಲಿನಷ್ಟು, ಅಂದರೆ 0.05 ಮಿಲಿಮೀಟರ್ ಕಚ್ಚಬೇಕು. ಗುಣಿಸಿದರೆ ಕಟರ್ ನಿಮಿಷಕ್ಕೆ 382 ಮಿಲಿಮೀಟರ್ ಮುಂದೆ ಸಾಗಬೇಕು; ಅದು ಫೀಡ್. ಎಷ್ಟು ಸಲ ಮಾಡಿದರೂ ಅದೇ ಉತ್ತರ. ಐ ವಾಸ್ ಸೋ ಶೂರ್, ಆದರೂ ಇನ್ನೊಂದು ಸಲ ಗುಣಿಸಿದೆ. ನನ್ನ ಲೆಕ್ಕ ತಪ್ಪಾಗಿ ಅವರ ಕೆಲಸ ಹೋದರೆ?

ಮೂರನೆಯ ಗಟ್ಟಿ ಏರಿದಾಗ ವಾಚ್ ನೋಡಿಕೊಂಡು ಪಕ್ಕದಲ್ಲೇ ನಿಂತೆ. ನನ್ನ ಲೆಕ್ಕದಲ್ಲಿ ಮೊದಲ ಪಾಸ್, ಅಂದರೆ ಗಟ್ಟಿಯ ಮೇಲೆ ಕಟರಿನ ಒಂದು ಓಟ, ಎರಡು ನಿಮಿಷದ್ದು. ಮೂರು ಆಯಿತು, ನಾಲ್ಕು ಆಯಿತು. ಐದಕ್ಕೆ ಕಿರುಚು ಶುರುವಾಯಿತು.

"ನಿಲ್ಸಿ, ನಿಲ್ಸಿ!" ಎಂದೆ. ಕಟರ್ ಇನ್ನೂ ಇಡಿಯಾಗಿತ್ತು. ಪ್ಯಾನಲ್ ನೋಡಿದೆ. ಫೀಡ್ ಕಡಿಮೆ ಮಾಡುವ ನಾಬ್ ಶೇಕಡಾ ನೂರರಲ್ಲಿ ಇರಲಿಲ್ಲ, ಮೂವತ್ತರಲ್ಲಿತ್ತು.

"ಹೊಸಾ ಕೆಲ್ಸ ಅಲ್ವಾ ಮೇಡಂ, ಕಟರ್ ಮುರೀಬಾರ್ದು ಅಂತ ಮೆಲ್ಲಗೆ ಬಿಟ್ಟೆ. ಯಾವಾಗ್ಲೂ ಹಂಗೇ ನಾನು."

"ಮೆಲ್ಲಗೆ ಬಿಟ್ಟಿದ್ದಕ್ಕೇ ರೀ ಮುರೀತಿರೋದು!"

ಸಾದಾ ಕಬ್ಬಿಣದಲ್ಲಿ ಆ ಎಚ್ಚರ ನಡೆಯುತ್ತದೆ. ಸ್ಟೇನ್‌ಲೆಸ್‌ನಲ್ಲಿ ಹಾಗಲ್ಲ. ಕಚ್ಚುವುದು ಕಡಿಮೆಯಾದರೆ ಹಲ್ಲು ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಉಜ್ಜಿದಷ್ಟೂ ಲೋಹದ ಮೈ ಗಟ್ಟಿಯಾಗುತ್ತದೆ. ಕೊನೆಗೆ ಕಟರೇ ಸೋಲುತ್ತದೆ. ಇದನ್ನು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಶೀಟ್‌ನಲ್ಲಿ ನಂಬರ್ ಬರೆದು ಕೊಟ್ಟು ಸುಮ್ಮನಾಗಿದ್ದೆ.

ಅಂಚು ಸವೆದ ಆ ಕಟರ್ ತೆಗೆಸಿ ಹೊಸದು ಹಾಕಿಸಿ, ಗಟ್ಟಿಯಾದ ಪದರದ ಕೆಳಗೆ ಹಲ್ಲು ಇಳಿಯುವಂತೆ ಆಳ ಹೆಚ್ಚಿಸಿದೆ. ಓನರ್ ಬಂದು ಹಿಂದೆ ನಿಂತರು. ಶಿವಲಿಂಗಯ್ಯ ನಾಬ್ ಹಿಡಿದರು, ತಿರುಗಿಸಲಿಲ್ಲ.

"ನೀವೇ ಇಡಿ ಮೇಡಂ. ನನ್ ಕೈ ಬರ್ತಿಲ್ಲ."

"ನಿಮ್ ಕೈನೇ ಇರ್ಲಿ. ಮುರಿದ್ರೆ ನನ್ ಹೆಸ್ರು ಹೇಳಿ."

ತಿರುಗಿಸಿದರು. ನೂರು. ಕಿರುಚು ಇಲ್ಲ, ತುಂಬಿದ ಗಂಟಲಿನ ಒಂದೇ ಸಮನಾದ ಗುರ್ ಸದ್ದು. ಎರಡು ನಿಮಿಷಕ್ಕೆ ಪಾಸ್ ಮುಗಿಯಿತು. ಕಟರ್ ಹೊಳೆಯುತ್ತಿತ್ತು.

"ಏನ್ರೀ, ಇಷ್ಟು ದಿನ ಎತ್ತಿನ ಗಾಡಿ ಓಡಿಸ್ತಿದ್ರಾ?" ಎಂದು ಓನರ್ ಛೇಡಿಸಿದರು.

"ನಾಳೆ ಬರೋದೋ ಬೇಡ್ವೋ, ಅದನ್ ಹೇಳಿ ಸಾರ್."

"ಬನ್ನಿ ಬನ್ನಿ, ಬೇಗ ಬನ್ನಿ."

ನಾನು ಸ್ಟೂಲ್ ಎಳೆದು ಕೂತು ಜೋರಾಗಿ ನಕ್ಕೆ. ಮೂರೂ ಪಾರ್ಟ್ ಸರಿಯಾಗಿ ಬಂದು ಗಿರಾಕಿಯ ಕೈ ಸೇರಿದವು. ಅಂದಿನಿಂದ ನನ್ನ ಪ್ರತಿ ಶೀಟ್‌ನಲ್ಲೂ ನಂಬರಿನ ಕೆಳಗೆ ಒಂದು ಸಾಲು ಕಾರಣ ಬರೆದೆ. ಲೆಕ್ಕ ಕಾಗದದ ಮೇಲೆ ಮುಗಿಯುವುದಿಲ್ಲ, ನಾಬ್ ಹಿಡಿದ ಕೈಗೆ ಅದು ಅರ್ಥವಾಗಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.

ನಾನು ರಿಟೈರ್ ಆದ ದಿನ ಶಿವಲಿಂಗಯ್ಯ ತಮ್ಮ ಸ್ಕೂಟರಿನಲ್ಲಿ ಚಂದ್ರಾ ಲೇಔಟ್‌ವರೆಗೂ ಬಿಟ್ಟರು. ಆಟೋಗಳೆಲ್ಲ ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋದವು.

"ಸ್ವಲ್ಪ ಜೋರಾಗಿ ಹೋಗಿ ಶಿವಲಿಂಗಯ್ಯ."

"ಸ್ಟೇನ್‌ಲೆಸ್ ಅಲ್ವಲ್ಲ ಮೇಡಂ. ಇದು ಮೂವತ್ತೇ."

ಗೇಟಿನ ಹತ್ತಿರ ಇಳಿಸಿ, ಕೈ ಮುಗಿದು, ಅದೇ ಮೂವತ್ತರಲ್ಲಿ ಕೆಂಗೇರಿ ಕಡೆ ಹೊರಟರು. ತಿರುವು ದಾಟಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತು ನೋಡಲು ಸಿಕ್ಕರಲ್ಲ ಎಂದು ಈಗ ಅನ್ನಿಸುತ್ತದೆ. ಆಮೇಲೆ ಅವರನ್ನು ನಾನು ಕಾಣಲಿಲ್ಲ.