ಬ್ಯಾರನ್ನರ ಹಾಜರಿ

ಅಮೆರಿಕದ ಇಟಾಸ್ಕಾದಲ್ಲಿರುವ ನಮ್ಮ ಕಂಪನಿಯ ಗೌರವ ಅಧ್ಯಕ್ಷರು ಬೆಲ್ಜಿಯಂನ ಬ್ಯಾರನ್ ಒಡಿಲೋನ್. ವಯಸ್ಸು ತೊಂಬತ್ತಾದರೂ, ಹೊರಗೆ ಮೈನಸ್ ಹತ್ತು ಡಿಗ್ರಿ ಇದ್ದರೂ ಕೋಟಿನ ಗುಂಡಿ ಹಾಕುವವರಲ್ಲ. ತಾವು ಬ್ರಸೆಲ್ಸಿನಲ್ಲಿ ಮಂತ್ರಿಯಾಗಿದ್ದನ್ನೂ ಆಮೇಲೆ ಮೂರು ಕಾರ್ಖಾನೆ ಎಬ್ಬಿಸಿದ್ದನ್ನೂ ಯಾರೂ ಸಿಗದಿದ್ದರೆ ಕಾಫಿ ಮೆಷಿನ್ನಿಗೆ ಹೇಳುತ್ತಾರೆ. ಸೋಮವಾರದ ಮೀಟಿಂಗಿನಲ್ಲಿ ಮಾತ್ರ ಮೊದಲು ನಲವತ್ತು ಜನರ ಹಾಜರಿ ಕರೆಯುತ್ತಾರೆ. "ಅಜ್ಜಾರು ಸಾಲಿ ಮಾಸ್ತರ ಆಗಬೇಕಿತ್ತ ನೋಡ್ರಿ," ಎಂದು ನಗುತ್ತಾರೆ ಧಾರವಾಡದ ಸಹೋದ್ಯೋಗಿ ಗುರುದೇವಿ. ಆಫೀಸೆಲ್ಲ 'ಕಾಲ್' ಎಂದು ಮೊಟಕು ಮಾಡಿದ ನನ್ನನ್ನು ಬ್ಯಾರನ್ನರೊಬ್ಬರೇ ಕಾಗದ ನೋಡದೆ 'ಕಲ್ಮೇಶ್ ಶರಣಪ್ಪ ಬೆಳವಣಕಿ' ಎಂದು ಪೂರ್ತಿ ಕರೆಯುತ್ತಾರೆ. ಇಷ್ಟು ಹೆಸರು ಹೇಗೆ ನೆನಪಿಟ್ಟಿದ್ದೀರಿ ಎಂದು ಒಮ್ಮೆ ಕೇಳಿದೆ. ಮೊದಲ ಸಲ ಅವರು ಗುಂಡಿ ಹಾಕಿಕೊಂಡರು. "ಕಾಂಗೋ ನಮ್ಮ ವಸಾಹತಾಗಿದ್ದಾಗ ನಾನಲ್ಲಿ ಅಧಿಕಾರಿ. ದಿನಾ ಬೆಳಿಗ್ಗೆ ರಸ್ತೆ ಕೆಲಸದ ನಾನೂರು ಜನರ ಹಾಜರಿ ಕರೆಯುತ್ತಿದ್ದೆ. ಹೆಸರಿನಿಂದಲ್ಲ, ನಂಬರಿನಿಂದ."