ಬಾಳೆ ಮಂಡಿಯ ಕೂಗು ಮತ್ತು ಒಂದು ಥೈರಾಯ್ಡ್ ಗಡ್ಡೆ

ಕೋವಿಡ್‌ನ ಗಲಾಟೆ ಅಡಗಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಮತ್ತೆ ಮನುಷ್ಯರ ಮುಖ ಕಾಣತೊಡಗಿದ್ದ ವರ್ಷ ಅದು. ನಾನಾಗ ಮೈಸೂರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ತಲೆ ಮತ್ತು ಕುತ್ತಿಗೆಯ ಗಡ್ಡೆಗಳ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಇನ್ನು ಹೊಸ ಉಸಾಬರಿ ಬೇಡ ಎಂದುಕೊಂಡಿದ್ದವಳೇ ಒಂದು ಕ್ಲಿನಿಕಲ್ ಟ್ರಯಲ್ಲನ್ನು ಮೈಮೇಲೆ ಎಳೆದುಕೊಂಡಿದ್ದೆ.

ವಿಷಯ ಇಷ್ಟು. ಥೈರಾಯ್ಡ್ ಗ್ರಂಥಿಯ ಹಿಂದೆಯೇ ದಾರದಷ್ಟು ಸಣ್ಣ ನರವೊಂದು ಹಾದುಹೋಗುತ್ತದೆ. ಧ್ವನಿತಂತುವನ್ನು ಆಡಿಸುವುದು ಅದರ ಕೆಲಸ. ಗಡ್ಡೆ ತೆಗೆಯುವಾಗ ಆ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ನಾವೆಲ್ಲ ಅದನ್ನು ಕಣ್ಣಿನಿಂದ ಗುರುತಿಸಿ ಕಾಪಾಡುವುದನ್ನು ಕಲಿತವರು. ಈಗ ನರ್ವ್ ಮಾನಿಟರ್ ಎಂಬ ಯಂತ್ರ ಬಂದಿದೆ. ಅದರ ಕಡ್ಡಿ ನರಕ್ಕೆ ತಾಗಿದರೆ ಕುಂಯ್ ಎನ್ನುತ್ತದೆ. ಯಂತ್ರ ಇದ್ದರೆ ದನಿ ನಿಜವಾಗಿಯೂ ಹೆಚ್ಚು ಉಳಿಯುತ್ತದೆಯೇ? ಅದನ್ನು ತಿಳಿಯುವುದೇ ನಮ್ಮ ಅಧ್ಯಯನ. ಯಾರಿಗೆ ಯಂತ್ರ, ಯಾರಿಗೆ ಬರೀ ಕಣ್ಣು ಎಂಬುದನ್ನು ಮುಚ್ಚಿದ ಲಕೋಟೆ ತೀರ್ಮಾನಿಸುತ್ತಿತ್ತು. ರೋಗಿ ನಿದ್ದೆಗೆ ಜಾರಿದ ಮೇಲೆಯೇ ಅದನ್ನು ಒಡೆಯಬೇಕು. ಅಧ್ಯಯನ ಮುಗಿಯುವ ತನಕ ರೋಗಿಗೂ ಹೇಳುವಂತಿಲ್ಲ, ದನಿಯನ್ನು ಕೇಳಿ ಅಂಕ ಕೊಡುವವರಿಗೂ ಹೇಳುವಂತಿಲ್ಲ.

ಶಾಲೆಗಳು ಶುರುವಾದ ವಾರ ಸಣ್ಣಪ್ಪನವರು ಬಂದರು. ಕೆಸರೆಯಲ್ಲಿ ಮನೆ, ಮಂಡಿ ಮೊಹಲ್ಲಾದ ಒಂದು ಬಾಳೆ ಮಂಡಿಯಲ್ಲಿ ಕೆಲಸ. ಹಳ್ಳಿಗಳಿಂದ ಬಂದ ಗೊನೆಗಳನ್ನು ರಾಶಿ ಹಾಕಿ, ಬೆಳಗ್ಗೆ ಹರಾಜು ಕೂಗುವವರು ಅವರೇ. ಹೆಂಡತಿ ಜಯಮ್ಮ ಜೊತೆಗಿದ್ದರು. ಕುತ್ತಿಗೆಯ ಎಡಗಡೆ ನಿಂಬೆಗಾತ್ರದ ಗಂಟು. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂದಿತ್ತು. ಆದರೆ ನಿಧಾನವಾಗಿ ಬೆಳೆಯುವ, ಸಾಧು ಸ್ವಭಾವದ್ದು. ಗ್ರಂಥಿಯ ಅರ್ಧಭಾಗ ತೆಗೆದರೆ ಸಾಕು ಎಂದು ಧೈರ್ಯ ಹೇಳಿದೆ. ಅವರಿಗೆ ಕ್ಯಾನ್ಸರಿನ ಬಗ್ಗೆ ಅಂಥ ಚಿಂತೆಯೇ ಇದ್ದಂತಿರಲಿಲ್ಲ.

“ಅದೇನಾರ ಆಗ್ಲಿ ಬುಡಿ ಮೇಡಂ. ಕೂಗು ಉಳೀತದಾ ಅದೇಳಿ” ಎಂದರು.

ಟ್ರಯಲ್ ಬಗ್ಗೆ ವಿವರಿಸಿದೆ. ಎಲ್ಲವನ್ನೂ ಗಮನವಿಟ್ಟು ಕೇಳಿದವರು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

“ಮಿಶನ್ನಿಗೆ ಬೇರೆಯೋರು ಎಷ್ಟು ಕೂಗವ್ರೆ? ಅದ್ರ ಮೇಲೆ ನಂದೊಂದು ಕೂಗು ಹಾಕ್ಕೊಳಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಾವು ಯಂತ್ರವನ್ನು ಹರಾಜಿಗೆ ಇಟ್ಟಿದ್ದೇವೆ ಎಂದು ಮಹಾಶಯರು ತಿಳಿದಿದ್ದರು! ಜೀವನವಿಡೀ ಹೆಚ್ಚು ಕೂಗಿದವರಿಗೇ ಮಾಲು ಕೊಟ್ಟವರಿಗೆ ಅದು ಸಹಜವೇ. ಇಲ್ಲಿ ಬೆಲೆಗೆ ಏನೂ ಸಿಗುವುದಿಲ್ಲ, ಲಕೋಟೆಯಲ್ಲಿ ಬಂದದ್ದೇ ಸೈ, ಅದು ಒಪ್ಪಿಗೆಯಾಗದಿದ್ದರೆ ಅಧ್ಯಯನದ ಹೊರಗಿದ್ದೇ ಆಪರೇಷನ್ ಮಾಡಿಸಿಕೊಳ್ಳಬಹುದು, ನಾನೇ ಮಾಡುತ್ತೇನೆ ಎಂದು ತಿಳಿಸಿದೆ.

“ಮಿಶನ್ ಬರ್ದೇ ಓದ್ರೆ?”

“ನನ್ನ ಕಣ್ಣಿದೆಯಲ್ಲ.”

ಅವರು ನನ್ನ ದಪ್ಪ ಕನ್ನಡಕವನ್ನೇ ನೋಡಿದರು. ಜಯಮ್ಮ ಅವರ ಮೊಣಕೈ ತಿವಿದು, “ಸೈನ್ ಹಾಕಿ ಸುಮ್ಕೆ, ಇಷ್ಟು ವರ್ಸದಿಂದ ಅದೇ ಕಣ್ಣಲ್ವಾ ಎಲ್ರಿಗೂ ಮಾಡಿರೋದು” ಎಂದರು. ಸಣ್ಣಪ್ಪ ಸಹಿ ಹಾಕಿದರು.

ಆಪರೇಷನ್ನಿಗೆ ಮೊದಲು ದನಿಯನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಎಲ್ಲರಿಗೂ ಒಂದೇ ಪಠ್ಯ. ಸಣ್ಣಪ್ಪ ಅದನ್ನು ಓದಿದ್ದು ಹೇಗೆಂದರೆ, ಪ್ರತಿ ವಾಕ್ಯದ ಕೊನೆಗೂ ಯಾರೋ ಏನನ್ನೋ ಕೊಂಡುಕೊಂಡರು ಅನ್ನಿಸುತ್ತಿತ್ತು. ಹೆಸರಿಲ್ಲದ ಆ ರೆಕಾರ್ಡಿಂಗನ್ನು ನಮ್ಮ ಸ್ಪೀಚ್ ಥೆರಪಿಸ್ಟ್ ರೇಖಾಳಿಗೆ ಕೊಟ್ಟೆ. ದನಿಗಳಿಗೆ ಅಂಕ ಕೊಡಬೇಕಾದವಳು ಅವಳೇ. ಅರ್ಧ ನಿಮಿಷ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು.

“ಮೇಡಂ, ಇದು ಬಾಳೆ ಮಂಡಿ ಸಣ್ಣಪ್ಪನೋರು. ನಾನು ಹುಟ್ಟಿ ಬೆಳೆದಿದ್ದೇ ಅದರ ಹಿಂದಿನ ಬೀದೀಲಿ. ಇವ್ರ ಕೂಗಿಗೇ ನಮ್ಮಮ್ಮ ನನ್ನ ಸ್ಕೂಲಿಗೆ ಎಬ್ಬಿಸ್ತಿದ್ದಿದ್ದು.”

ದನಿ ಯಾರದೆಂದು ಗೊತ್ತಿರುವವರು ಅಂಕ ಕೊಡುವಂತಿಲ್ಲ; ಗುಟ್ಟಾಗಿರಬೇಕಾದ ಅಧ್ಯಯನದ ಗುಟ್ಟು ಅಲ್ಲಿಗೇ ರಟ್ಟಾಯಿತು. ಮೈಸೂರು ದೊಡ್ಡ ಊರಾಗಿದೆ ಎನ್ನುವವರು ಒಮ್ಮೆ ಇಲ್ಲಿ ಇಂಥದ್ದೊಂದು ಟ್ರಯಲ್ ನಡೆಸಿ ನೋಡಬೇಕು. ಆಸ್ಪತ್ರೆಯ ಎಥಿಕ್ಸ್ ಕಮಿಟಿಗೆ ಪತ್ರ ಬರೆದು, ಎಲ್ಲ ದನಿಗಳನ್ನೂ ಬೇರೆ ಊರಿನ ಇಬ್ಬರು ತಜ್ಞರಿಗೆ ಕಳುಹಿಸುವ ಏರ್ಪಾಡು ಮಾಡಿದೆ. ಅಂಕ ಕೊಡುವ ಕೆಲಸ ತಪ್ಪಿದ ರೇಖಾ, ರೋಗಿಗಳಿಗೆ ದನಿಯ ವ್ಯಾಯಾಮ ಕಲಿಸುವವಳಾದಳು.

ಆಪರೇಷನ್ ದಿನ ಲಕೋಟೆ ಒಡೆದೆವು. ಯಂತ್ರವೇ ಬಂದಿತ್ತು. ಆದರೆ ಗಡ್ಡೆ ನರಕ್ಕೆ ಅಂಟಿಕೊಂಡು ಕೂತಿತ್ತು. ಬಹಳ ನಿಧಾನವಾಗಿ ಬಿಡಿಸಿದೆ. ನರ ತುಂಡಾಗಲಿಲ್ಲ, ಪೂರ್ತಿ ಕಣ್ಣೆದುರೇ ಇತ್ತು. ಆದರೂ ಕೊನೆಯಲ್ಲಿ ಯಂತ್ರದ ಕುಂಯ್ ಸಣ್ಣದಾಗಿಹೋಯಿತು. ಎಳೆತಕ್ಕೆ ನರ ಮುನಿಸಿಕೊಂಡಿತ್ತು. ಇಂಥ ಮುನಿಸು ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಇಳಿಯದೆಯೂ ಉಳಿಯುತ್ತದೆ. ಅವತ್ತು ಮನೆಗೆ ಹೋದ ಮೇಲೂ ನನಗೆ ಊಟ ರುಚಿಸಲಿಲ್ಲ.

ಮಾರನೆಯ ದಿನ ಸಣ್ಣಪ್ಪನವರ ಬಾಯಿಂದ ಗಾಳಿಯಂಥ ದನಿ ಬಂತು. ಗಡ್ಡೆ ಪೂರ್ತಿ ಹೋಗಿದೆ, ಇನ್ನು ಚಿಕಿತ್ಸೆ ಬೇಡ ಎಂಬ ಒಳ್ಳೆಯ ಸುದ್ದಿ ಹೇಳಿದರೂ ಮುಖ ಅರಳಲಿಲ್ಲ.

“ಮಿಶನ್ ಬರ್ಲಿಲ್ಲ ಅಲ್ವಾ ಮೇಡಂ?” ಎಂದು ಉಸಿರಿನಲ್ಲೇ ಕೇಳಿದರು.

ಹೇಳುವಂತಿರಲಿಲ್ಲ. ನಿಯಮವನ್ನು ಬರೆದವಳು ನಾನೇ. “ನರ ಇದೆ, ಸುಸ್ತಾಗಿದೆ ಅಷ್ಟೇ. ನಾನು ಹೇಳೋ ತನಕ ಕೂಗಬೇಡಿ” ಎಂದೆ. ಮಂಡಿಯಲ್ಲಿ ಕೂಗುವವರ ಜಾಗ ಒಂದೇ. ಅದು ಖಾಲಿ ಬಿದ್ದರೆ ಮತ್ತೊಬ್ಬರು ಬಂದು ನಿಲ್ಲುತ್ತಾರೆ, ಆಮೇಲೆ ಅವರನ್ನು ಕದಲಿಸುವುದು ಕಷ್ಟ ಎಂದು ಜಯಮ್ಮ ಹೊರಗೆ ನನ್ನೊಬ್ಬಳಿಗೇ ಹೇಳಿದರು.

ಕೆಲವು ವಾರ ಕಳೆದಿರಬೇಕು. ಸಣ್ಣಪ್ಪ ದಿನಾ ಮಂಡಿಯಲ್ಲೇ ಇರುತ್ತಾರೆ ಎಂದು ರೇಖಾ ವರದಿ ತಂದಳು. ನನಗೆ ರೇಗಿಹೋಯಿತು. ಮುಂದಿನ ತಪಾಸಣೆಗೆ ಬಂದಾಗ ಅವರು ಕೂರುವ ಮೊದಲೇ ಶುರು ಮಾಡಿದೆ. ಕೂಗಬೇಡಿ ಅಂದ ಮೇಲೆ ಕೂಗೋದಾ, ನರ ಏನು ಸರ್ಕಾರಿ ಆಸ್ತಿಯಾ, ಇತ್ಯಾದಿ. ಸಣ್ಣಪ್ಪ ಸಮಾಧಾನವಾಗಿ ಹೆಗಲ ಮೇಲಿನ ಟವಲ್ ತೆಗೆದು ನನ್ನ ಬಲಗೈ ಮೇಲೆ ಹೊದಿಸಿದರು. ಅದರಡಿ ನನ್ನ ಎರಡು ಬೆರಳು ಹಿಡಿದು ಅದುಮಿ, ಹುಬ್ಬು ಹಾರಿಸಿದರು.

“ದನದ ಯಾಪಾರ ಇದ್ದಂಗೆ ಕಣ್ರೀ ಮೇಡಂ” ಎಂದು ಜಯಮ್ಮ ಬಿಡಿಸಿ ಹೇಳಿದರು. “ಟವಲ್ ಕೆಳಗೆ ಬೆರಳು ಇಡ್ಕಂಡು ರೇಟು ಏಳೋದು. ಇವ್ರು ಒಬ್ಬೊಬ್ರ ತಾವೂ ಓಗಿ ಇಡ್ಕತಾರೆ, ಜಾಸ್ತಿ ಅದುಮ್ದೋರಿಗೆ ಗೊನೆ. ಕೊಳ್ಳೋರೇ ಯಜಮಾನ್ರಿಗೆ ಏಳವ್ರೆ, ಸಣ್ಣಪ್ಪಂಗೆ ದನಿ ಬರೋಗಂಟ ಯಾರನ್ನೂ ನಿಲ್ಲುಸ್ಬೇಡಿ ಅಂತ.”

ಒಂದು ಮಂಡಿಗೆ ಮಂಡಿಯೇ ನನ್ನ ರೋಗಿಯ ಜೊತೆ ಮೌನವ್ರತ ಹಿಡಿದಿತ್ತು. ಇದಕ್ಕಿಂತ ಒಳ್ಳೆಯ ವಾಯ್ಸ್ ರೆಸ್ಟ್ ಯಾವ ಆಸ್ಪತ್ರೆಯಲ್ಲಿ ಸಿಕ್ಕೀತು? ನನಗೆ ತುಂಬ ಸಂತೋಷವಾಯಿತು, ಅದನ್ನು ಅವರಿಗೂ ಹೇಳಿದೆ.

ಆದರೆ ಟವಲ್ ವ್ಯಾಪಾರ ನಿಧಾನದ್ದು. ಗೌರಿ–ಗಣೇಶ ಹಬ್ಬಕ್ಕೆ ಲಾರಿಗಟ್ಟಲೆ ಮಾಲು ಬರುತ್ತದೆ, ಅಷ್ಟು ಹೊತ್ತಿಗೆ ದನಿ ಬಾರದಿದ್ದರೆ ಬೇರೆಯವರನ್ನು ನಿಲ್ಲಿಸದೆ ವಿಧಿಯಿಲ್ಲ ಎಂದು ಮಂಡಿ ಯಜಮಾನರು ಹೇಳಿದ್ದರಂತೆ. ಅವತ್ತು ಮೂಗಿನಿಂದ ಗಂಟಲಿಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರೆ ಎಡಗಡೆಯ ಧ್ವನಿತಂತು ಅಲುಗುತ್ತಲೇ ಇರಲಿಲ್ಲ.

ರೇಖಾ ಪಟ್ಟು ಬಿಡಲಿಲ್ಲ. ದಿನಾ ಉಸಿರಿನ ವ್ಯಾಯಾಮ, ಆಮೇಲೆ ಮೆತ್ತಗೆ ಎಣಿಸುವುದು. ಒಂದು, ಎರಡು ಅಂದರೆ ಸಾಕಿತ್ತು. ಸಣ್ಣಪ್ಪ “ಒಂದ್ ಸಾರಿ, ಎಲ್ಡ್ ಸಾರಿ” ಎಂದೇ ಎಣಿಸುತ್ತಿದ್ದರು. ಶ್ರಾವಣದಲ್ಲಿ ಒಂದು ದಿನ ಪರದೆಯ ಮೇಲೆ ಎಡ ತಂತು ಚೂರು ಮಿಸುಕಿತು. ನಾನು, ರೇಖಾ, ಜಯಮ್ಮ ಮೂವರೂ ಪರದೆಗೆ ಮುಖ ಅಂಟಿಸಿಕೊಂಡು ನಿಂತೆವು. ಮೂಗಿನಲ್ಲಿ ಕೊಳವೆ ಇದ್ದ ಸಣ್ಣಪ್ಪನವರಿಗೆ ಮಾತ್ರ ಏನೂ ಕಾಣದೆ, ಏನಾಯ್ತು ಎಂದು ಕೈಯಲ್ಲೇ ಕೇಳುತ್ತಿದ್ದರು. ಅಲ್ಲಿಂದ ಮುಂದೆ ವಾರದಿಂದ ವಾರಕ್ಕೆ ದನಿ ಗಟ್ಟಿಯಾಯಿತು. ಹಬ್ಬದ ಹತ್ತಿರಕ್ಕೆ ಎರಡು ತಂತುಗಳೂ ಸಮವಾಗಿ ಆಡುತ್ತಿದ್ದವು. ಕೊನೆಯ ರೆಕಾರ್ಡಿಂಗ್ ಮುಗಿಸಿ, ಕೂಗಲು ಅಪ್ಪಣೆ ಕೊಟ್ಟೆ.

ಕೊಟ್ಟೆನೇ ಹೊರತು ಒಳಗೆ ಅಳುಕಿತ್ತು. ಆಸ್ಪತ್ರೆಯ ಕೋಣೆಯಲ್ಲಿ ಪಠ್ಯ ಓದುವುದೇ ಬೇರೆ, ಮಂಡಿಯಲ್ಲಿ ಕೂಗುವುದೇ ಬೇರೆ. ಗೌರಿ ಹಬ್ಬದ ಹಿಂದಿನ ಬೆಳಗ್ಗೆ ನಾನೇ ಮಂಡಿ ಮೊಹಲ್ಲಾಗೆ ಹೋಗಿ, ಜನರ ಹಿಂದೆ ನಿಂತೆ. ಸಣ್ಣಪ್ಪ ಒಂದು ಕ್ರೇಟ್ ಮೇಲೆ ಹತ್ತಿದರು. ಅಭ್ಯಾಸದಂತೆ ಕೊಳ್ಳುವವರೊಬ್ಬರು ಟವಲ್ಲಿಗಾಗಿ ಕೈ ಚಾಚಿದರು. ಸಣ್ಣಪ್ಪ ಟವಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಬಾಯಿ ತೆರೆದರು. ಮೊದಲ ಮಾತು ಸ್ವಲ್ಪ ಗೊಗ್ಗರಾಗಿತ್ತು. ಎರಡನೆಯದು ನೆಟ್ಟಗಾಯಿತು. ಆಮೇಲೆ ದನಿ ಏರಿದ ಏರಿಗೆ ಬೀದಿಯ ಆಚೆ ಆಟೋದವರೂ ತಿರುಗಿ ನೋಡಿದರು. ನನ್ನ ಕಣ್ಣು ತುಂಬಿಬಂತು. ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಖುಷಿ ಕೊಟ್ಟ ಸದ್ದನ್ನು ನಾನು ಕೇಳಿರಲಿಲ್ಲ. ತಡೆಯಲಾರದೆ ಕೈ ಎತ್ತಿ ಬೀಸಿದೆ.

“ಡಾಕ್ಟ್ರಮ್ಮನೋರು! ಒಂದ್ ಸಾರಿ, ಎಲ್ಡ್ ಸಾರಿ, ಮೂರ್ ಸಾರಿ!”

ಒಂದು ಇಡೀ ರಾಶಿ ಗೊನೆ ನನ್ನದಾಗಿತ್ತು.

“ಸಣ್ಣಪ್ಪನೋರೇ, ನಾನು ಸುಮ್ನೆ ಕೈ ಬೀಸಿದ್ದು” ಎಂದೆ.

“ಇಲ್ಲಿ ಸುಮ್ಕೆ ಕೈ ಎತ್ತೋರು ಯಾರಿಲ್ಲ ಕಣ್ರೀ ಮೇಡಂ” ಎಂದವರೇ ಮುಂದಿನ ರಾಶಿಗೆ ಹೋದರು.

ಆ ಹಬ್ಬದಲ್ಲಿ ನಮ್ಮ ವಾರ್ಡಿನ ಎಲ್ಲರೂ, ರೋಗಿಗಳ ನೆಂಟರಿಷ್ಟರೂ ಬಾಳೆಹಣ್ಣು ತಿಂದರು. ಅಧ್ಯಯನ ಮುಗಿದ ಮೇಲೆ, ಯಂತ್ರ ಬಂದಿತ್ತು ಎಂದು ಸಣ್ಣಪ್ಪನವರಿಗೆ ತಿಳಿಸಿದೆ. “ಅಂಗಾರೆ ನಿಮ್ ಕಣ್ಣೇ ವಾಸಿಯಿತ್ತೇನೋ” ಎಂದರು. ಬೇರೆ ಊರಿನ ತಜ್ಞರಿಬ್ಬರೂ ಅವರ ಮೊದಲಿನ ದನಿಗೂ ಕೊನೆಯ ದನಿಗೂ ಒಂದೇ ಅಂಕ ಕೊಟ್ಟಿದ್ದರು.

ಈಗಲೂ ಕಿರಿಯ ಸರ್ಜನ್‌ಗಳು ಸಲಹೆ ಕೇಳಿ ಬರುತ್ತಾರೆ. ಸ್ಕ್ಯಾನ್ ತೋರಿಸುವ ಮೊದಲು, ಈ ರೋಗಿ ಏನು ಕೆಲಸ ಮಾಡುತ್ತಾರೆ ಹೇಳಿ ಎನ್ನುತ್ತೇನೆ. ನಾವು ಉಳಿಸಬೇಕಾದದ್ದು ನರವನ್ನು ಮಾತ್ರವಲ್ಲ, ಅದರಿಂದ ಅವರು ಮಾಡುವ ಕೆಲಸವನ್ನು. ಗುಣವಾಯಿತು ಎಂದು ಬರೆಯುವ ಮೊದಲು ಸಾಧ್ಯವಾದರೆ ಅವರ ಕೆಲಸದ ಜಾಗಕ್ಕೇ ಹೋಗಿ ನೋಡಿ. ಅದು ಮಂಡಿಯಾದರೆ ಮಾತ್ರ ಕೈ ಕಟ್ಟಿಕೊಂಡು ನಿಂತಿರಿ.