ಏಳನೆಯ ಗುಡ್ಡ

ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾವಿನಕಾಯಿ ಕಾಲ ಬಂತೆಂದರೆ ಮನೆಮನೆಯಲ್ಲೂ ಆವಕಾಯಿ ಉಪ್ಪಿನಕಾಯಿಯ ಗಡಿಬಿಡಿ. ಮೊನ್ನೆ ಎದುರು ಮನೆಯವರು ಸಾಸಿವೆ ಪುಡಿ ಮಾಡಿ ಮಿಕ್ಸಿಯ ಮುಚ್ಚಳ ತೆಗೆದಿದ್ದೇ ತಡ, ಘಾಟು ನಮ್ಮ ಬಾಗಿಲಿಗೆ ಬಂತು. ನನಗೆ ತಾರ್ನಾಕದ ಹಳೆಯ ಲ್ಯಾಬ್ ನೆನಪಾಯಿತು... ಪ್ರೋಟೀನನ್ನು ಓದುವ ಯಂತ್ರಕ್ಕೆ ಹಾಕುತ್ತಿದ್ದ ಒಂದು ರಾಸಾಯನಿಕಕ್ಕೆ ಹೆಚ್ಚುಕಡಿಮೆ ಇದೇ ಘಾಟು. ಅದರ ಸೀಸೆಯನ್ನು ಅಕ್ಕ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಕಲಬುರಗಿ ಕಡೆಯವಳು, ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಾನು ಆಗಷ್ಟೇ ಸೇರಿದ್ದ ಸಹಾಯಕಿ. ಲ್ಯಾಬಿನಲ್ಲಿ ಕನ್ನಡದವರು ನಾವಿಬ್ಬರೇ.

ಆ ಯಂತ್ರ ಪ್ರೋಟೀನೆಂಬ ಸರದಿಂದ ಸುತ್ತಿಗೊಂದರಂತೆ ಮಣಿ ಬಿಚ್ಚುತ್ತಿತ್ತು. ಬಿಚ್ಚಿದ ಮಣಿ ಯಾವುದೆಂದು ಕಾಗದದ ಮೇಲಿನ ಗೆರೆ ಎದ್ದು ತೋರಿಸುತ್ತಿತ್ತು. ನಾವು ಅದನ್ನು ಪೀಕ್ ಅನ್ನುತ್ತಿದ್ದೆವು, ಅಕ್ಕ ಗುಡ್ಡ ಅನ್ನುತ್ತಿದ್ದಳು. ಒಂದೊಂದು ಮಣಿಯ ಗುಡ್ಡಕ್ಕೂ ಒಂದೊಂದು ಜಾಗ. ಬೇರೆಲ್ಲಾದರೂ ಎದ್ದರೆ ಎಲ್ಲೋ ಕೊಳೆ ಸೇರಿದೆ ಎಂದೇ ಮೊದಲ ಅನುಮಾನ.

ನಾನು ಬರುವ ಮೊದಲು ಅಕ್ಕ ಒಮ್ಮೆ ವಾರದ ಸಭೆಯಲ್ಲಿ ಹೊಸ ಪ್ರೋಟೀನ್ ಸಿಕ್ಕಿತೆಂದು ಹೇಳಿಬಿಟ್ಟಿದ್ದಳಂತೆ. ನೋಡಿದರೆ ಅದು ಸರಿಯಾಗಿ ತೊಳೆಯದೆ ಉಳಿದಿದ್ದ ಗ್ಲೈಸಿನ್ ಎಂಬ ಮಾಮೂಲಿ ಮಣಿ. ಪ್ರೊಫೆಸರರೂ ಸೇರಿ ಎಲ್ಲರೂ ಬಿದ್ದುಬಿದ್ದು ನಕ್ಕರಂತೆ. ಆಮೇಲೆ ಶುರುವಾಯಿತು ನೋಡಿ ಅಕ್ಕನ ಮಡಿ! ಯಂತ್ರ ಓಡುವ ದಿನ ಬಳೆ ತೆಗೆದಿಡುತ್ತಿದ್ದಳು. ಕೈಗೆ ಏನೂ ಹತ್ತಬಾರದೆಂದು ರೊಟ್ಟಿ ಬಿಟ್ಟು, ಚಮಚದಲ್ಲಿ ಮೊಸರನ್ನ ತಿಂದು ಏಳುತ್ತಿದ್ದಳು. ನಾನು ಹತ್ತಿರ ಸುಳಿದರೆ, “ದೂರ ನಿಂದ್ರ ಹುಡುಗಿ, ಮೊದ್ಲ ಕೈ ತೊಳಕೊಂಡ ಬಾ” ಎಂದು ಗದರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು.

ಅಷ್ಟೆಲ್ಲ ಮಡಿ ಮಾಡಿದವಳಿಗೇ ಅದು ಕಾಣಿಸಿಕೊಂಡಿತು. ಸೀತಾಫಲದ ಬೀಜದಿಂದ ತೆಗೆದ ಒಂದು ಪುಟ್ಟ ಪ್ರೋಟೀನನ್ನು ಓದಿಸುವಾಗ, ಏಳನೆಯ ಸುತ್ತಿನಲ್ಲಿ, ಯಾವ ಮಣಿಗೂ ಸೇರದ ಜಾಗದಲ್ಲಿ ಒಂದು ಗುಡ್ಡ. ಏಳು ಬೆಟ್ಟದೊಡೆಯನ ಏಳನೇ ಕೊಂಡಕ್ಕೆ ಹೋಗಿ ಮುಡಿ ಕೊಟ್ಟು ಬಾ ಎಂದು ತೆಲುಗಿನ ಗೆಳೆಯರು ಕಾಡಿಸಿದರು. ಅಕ್ಕ ನಗಲಿಲ್ಲ. ಸೀಸೆ, ಕೊಳವೆ, ನೀರು ಎಲ್ಲ ಬದಲಿಸಿದಳು. ಗುಡ್ಡ ಅಲ್ಲೇ ಇತ್ತು. ಯಂತ್ರವನ್ನು ಖಾಲಿ ಓಡಿಸಿದರೆ ಮಾತ್ರ ಮಾಯ.

ಕೊಳೆಯಾದರೆ ಖಾಲಿ ಓಟದಲ್ಲೂ ಕಾಣಬೇಕಿತ್ತು. ನನಗೇ ಹೊಳೆದದ್ದು ಅವಳಿಗೆ ಹೊಳೆಯದೆ ಇರುತ್ತದೆಯೇ?

“ಅಕ್ಕಾ, ಇದು ಹೊಸಾದ ಇರಬೇಕ್ರಿ. ಸರ್‌ಗೆ ತೋರಸ್ರಿ” ಎಂದೆ.

“ಇನ್ನೊಮ್ಮೆ ತೊಳದು ನೋಡೂಣು” ಎಂದಳು.

ತೊಳೆಯುತ್ತಲೇ ಅವಳ ಫೆಲೋಶಿಪ್ ಮುಗಿಯಿತು. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಅಮೀರ್‌ಪೇಟೆಗೆ ಓಡುತ್ತಿದ್ದ ಕಾಲವದು. ಅಕ್ಕ ಏಳನೆಯ ಮಣಿಯ ಜಾಗದಲ್ಲಿ, ಗೊತ್ತಿಲ್ಲ ಎಂಬುದಕ್ಕೆ ಹಾಕುವ ಎಕ್ಸ್ ಗುರುತು ಹಾಕಿ, ಪಿಎಚ್.ಡಿ. ಅರ್ಧಕ್ಕೆ ಬಿಟ್ಟಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಡಾಕ್ಟರುಗಳ ಮಾತು ಟೈಪ್ ಮಾಡುವ ಕಂಪನಿ ಸೇರಿದಳು.

ಕೆಲವು ವರ್ಷಗಳ ಮೇಲೆ ಲ್ಯಾಬಿಗೆ ಹೊಸ ಯಂತ್ರ ಬಂತು. ಆಗ ಸೇರಿದ ವಿದ್ಯಾರ್ಥಿಯೊಬ್ಬ ಅಕ್ಕ ಫ್ರೀಜರಿನಲ್ಲಿ ಬಿಟ್ಟುಹೋಗಿದ್ದ ಪ್ರೋಟೀನನ್ನೇ ಅದಕ್ಕೆ ಹಾಕಿದ. ಏಳನೆಯದು ಕೊಳೆಯಲ್ಲ, ಸಾಮಾನ್ಯ ಮಣಿಯೊಂದರ ಅಪರೂಪದ ರೂಪ ಎಂದು ತಿಳಿಯಿತು. ಅದರ ಮೇಲೆಯೇ ಅವನು ಡಾಕ್ಟರ್ ಆದ.

ತಡೆಯಲಾರದೆ ಅಕ್ಕನ ಮನೆಗೆ ಹೋಗಿ ಹೇಳಿದೆ. ಊಟಕ್ಕೆ ಕೂತಿದ್ದಳು.

“ನನಗ ಗೊತ್ತಿತ್ತು” ಎಂದಳು. “ಭಾಳ ದಿನದಿಂದ ಗೊತ್ತಿತ್ತು. ಮತ್ತ ಎಲ್ಲಾರೂ ನಗ್ತಾರಂತ ಅಂಜಿದೆ.”

ತಟ್ಟೆಯಲ್ಲಿ ಮೊಸರನ್ನವಿತ್ತು. ಲ್ಯಾಬ್ ಬಿಟ್ಟು ಅಷ್ಟು ವರ್ಷವಾಗಿದ್ದರೂ ಅಕ್ಕ ಚಮಚದಲ್ಲೇ ತಿನ್ನುತ್ತಿದ್ದಳು.

ಹೋದ ವರ್ಷ ಅಕ್ಕ ತೀರಿಕೊಂಡಳು. ಕಾಯಿಲೆ ಬಿದ್ದದ್ದೂ ನನಗೆ ತಿಳಿದಿರಲಿಲ್ಲ.

ಇವತ್ತು ಎದುರು ಮನೆಯವರು ಒಂದು ಬಟ್ಟಲು ಆವಕಾಯಿ ಕೊಟ್ಟುಹೋದರು. ಬಿಸಿ ಅನ್ನಕ್ಕೆ ಹಾಕಿಕೊಂಡು ಕಲಸಿದೆ. ಐದೂ ಬೆರಳು ಎಣ್ಣೆ, ಖಾರ, ಸಾಸಿವೆ... ಅಕ್ಕ ಹೀಗೆ ಕೈಯಾರೆ ಕಲಸಿ ಉಂಡದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.